ಸೀಗೆಪುಡಿ ಹಾಕಿ ತೊಳೆದ ಪೀಠ

"ಅದರ ಕೆಳಗೆ ಏನಮ್ಮ ಹುಡುಕ್ತಿದ್ದೀಯ? ಜಿರಳೆ ಗಿರಳೆ ಏನಾದ್ರೂ ಇದೆಯಾ?"

ರುಕ್ಮಿಣಿಯವರು ಅಡುಗೆಮನೆಯಿಂದಲೇ ಕೇಳಿದರು. ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್‌ ಊರಿನ, ಮೂರನೆಯ ಮಹಡಿಯ ಆ ಮನೆಯ ಹಾಲಿನಲ್ಲಿ ನಾಜ್ನೀನ್ ನೆಲದ ಮೇಲೆ ಬೋರಲಾಗಿ ಮಲಗಿದ್ದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಅವಳ ಮೂಗಿನಿಂದ ಗೇಣು ದೂರದಲ್ಲಿ ಒಂದು ಮರದ ಪೀಠ.

"ಇಲ್ಲ ಆಂಟಿ, ಸುಮ್ನೆ ನೋಡ್ತಿದ್ದೀನಿ."

ಸುಮ್ಮನೆ ನೋಡುತ್ತಿರಲಿಲ್ಲ. ಘಾನಾ ದೇಶದ ಅಸಾಂಟೆ ಮನೆತನವೊಂದರ ಕಪ್ಪು ಪೀಠ ಲೈಡನ್‌ನ ಪುಟ್ಟ ಸಂಗ್ರಹಾಲಯದ ಉಗ್ರಾಣದಿಂದ ಕಾಣೆಯಾಗಿ ಹದಿನೇಳು ದಿನಗಳಾಗಿದ್ದವು. ಅದನ್ನು ಊರಿಗೆ ಒಯ್ಯಲು ಆ ಮನೆತನದ ಹಿರಿಯರು ನಾಳೆ ಬೆಳಗ್ಗೆ ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ಇಳಿಯುವವರಿದ್ದರು.

ಕಾಣೆಯಾದ ಪೀಠ ಇದ್ದಿಲಿನಷ್ಟು ಕಪ್ಪು. ಇಲ್ಲಿರುವುದು ಕೆನೆಯಷ್ಟು ಬಿಳಿ. ಆದರೆ ಆಕಾರ ಅದೇ. ಚಪ್ಪಟೆ ತಳ, ನಡುವೆ ದಪ್ಪ ಕಂಬ, ಮೇಲೆ ದೋಣಿಯ ಹಾಗೆ ಬಾಗಿದ ಆಸನ.

ಮರದ ಚೂರು ನೋಡಿ ಅದು ಯಾವ ಮರ, ಯಾವ ನಾಡಿನದು ಎಂದು ಹೇಳುವುದು ನಾಜ್ನೀನಳ ಕೆಲಸ. ಹನ್ನೊಂದು ವರ್ಷಗಳಿಂದ ಲೈಡನ್‌ನಲ್ಲಿ ಅದೇ ಅವಳ ಅನ್ನ. ಸಂಗ್ರಹಾಲಯದವರಿಗೆ, ಒಮ್ಮೊಮ್ಮೆ ಪೊಲೀಸರಿಗೆ, ಅವಳ ಮಾತೇ ಕೊನೆಯ ಮಾತು.

ಆ ಮಾತನ್ನು ಅವಳು ಈ ಪೀಠದ ಬಗ್ಗೆಯೂ ಆಡಿಬಿಟ್ಟಿದ್ದಳು.

ಹನ್ನೆರಡು ದಿನಗಳ ಹಿಂದೆ ಇದೇ ಹಾಲಿನಲ್ಲಿ ರುಕ್ಮಿಣಿಯವರ ಮಗಳು, ಗೆಳತಿ ಸಮೀಕ್ಷಾಳ ಮಗುವಿಗೆ ನಿಸರ್ಗ ಎಂದು ಹೆಸರಿಟ್ಟರು. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಸಮೀಕ್ಷಾ ಕುಳಿತದ್ದು ಈ ಪೀಠದ ಮೇಲೆ. ನಾಜ್ನೀನ್ ಆ ಫೋಟೋವನ್ನು ತನ್ನ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದಳು. ಸಂಗ್ರಹಾಲಯದ ಉಗ್ರಾಣ ನೋಡಿಕೊಳ್ಳುತ್ತಿದ್ದ, ಘಾನಾದವರೇ ಆದ ಕ್ವಾಬೆನಾ ಅಸಾರೆ ಅದನ್ನು ಕಂಡವರೇ ನಿರ್ದೇಶಕಿಯ ಬಳಿ ಓಡಿದರು. ಇದೇ ನಮ್ಮ ಪೀಠ ಎಂದರು.

ನಿರ್ದೇಶಕಿ ನಾಜ್ನೀನಳಿಗೆ ಈಮೇಲ್ ಮಾಡಿ ಕೇಳಿದರು. ನಾಜ್ನೀನ್ ನಕ್ಕು, ಕೂಡಲೇ ಉತ್ತರ ಬರೆದಳು.

"ಆ ಪೀಠದ ಮೇಲೆ ಕೂತು ನಾನೇ ಊಟ ಮಾಡಿದ್ದೇನೆ. ಅದು ನಮ್ಮೂರಿನ ಆಲೆಮರ. ಅಸಾರೆಯವರು ತಪ್ಪು ತಿಳಿದಿದ್ದಾರೆ."

ಅವಳ ಊರು ಚನ್ನಪಟ್ಟಣ. ಆಲೆಮರವನ್ನು ಕಡೆದು ಗೊಂಬೆ ಮಾಡುವವರ ಮನೆಯ ಮಗಳು. ಆ ಬಿಳುಪು, ಆ ಹಗುರ, ಉಗುರು ಒತ್ತಿದರೆ ಗುರುತು ಬೀಳುವ ಆ ಮೆದು, ಎಲ್ಲವೂ ಅವಳಿಗೆ ಅಬ್ಬಾನ ಅಂಗಡಿಯನ್ನೇ ನೆನಪಿಸಿತ್ತು. ಇಷ್ಟು ದೂರದ ನಾಡಿನಲ್ಲಿ ನಮ್ಮೂರಿನ ಮರ ಸಿಕ್ಕಿತೆಂಬ ಹಿಗ್ಗಿನಲ್ಲಿ ಅವಳು ಬ್ಲೇಡಿನಿಂದ ಒಂದು ಎಳೆ ಕೂಡ ತೆಗೆದು ನೋಡಿರಲಿಲ್ಲ.

ಮಾರನೆಯ ದಿನ ಕ್ವಾಬೆನಾ ಅವರ ಕಾರ್ಡಿಗೆ ಉಗ್ರಾಣದ ಬಾಗಿಲು ತೆರೆಯಲಿಲ್ಲ. ತನಿಖೆಯ ದಿಕ್ಕು ತಪ್ಪಿಸುತ್ತಿದ್ದಾರೆ ಎಂಬ ಮಾತು ಹಬ್ಬಿತು. ಬಾಗಿಲಿನ ಕಾರ್ಡು ಇದ್ದದ್ದೇ ಇಬ್ಬರ ಬಳಿ: ಒಂದು ನಿರ್ದೇಶಕಿಯದು, ಒಂದು ಅವರದು. ಮೂರನೆಯದು ನಿವೃತ್ತ ಸಲಹೆಗಾರರೊಬ್ಬರ ಹೆಸರಿನಲ್ಲಿತ್ತು. ಅದರ ಅವಧಿ ಮಾರ್ಚಿಗೇ ಮುಗಿದಿತ್ತು.

ಇವತ್ತು ಬೆಳಗ್ಗೆ ಅವಳು ಅದೇ ಫೋಟೋವನ್ನು ವಿಡಿಯೋ ಕಾಲಿನಲ್ಲಿ ಅಬ್ಬಾನಿಗೆ ತೋರಿಸಿದ್ದಳು. ಮಗು ಎಷ್ಟು ಮುದ್ದಾಗಿದೆ ಎನ್ನುತ್ತಾರೆಂದುಕೊಂಡಿದ್ದಳು. ಅಬ್ಬಾ ಕನ್ನಡಕ ಒರೆಸಿಕೊಂಡು ನೋಡಿದ್ದು ಪೀಠವನ್ನು.

"ಇದು ನಮ್ಮವರ ಕೆಲಸ ಅಲ್ಲ ಬೇಟಾ."

"ಆಲೆಮರ ಅಬ್ಬಾ, ನಾನು ಮುಟ್ಟಿ ನೋಡಿದ್ದೀನಿ."

"ಮುಟ್ಟಿದ್ರೆ ಆಯ್ತಾ? ನಾವು ಲೇತಿಗೆ ಹಾಕಿ ಕಡೀತೀವಿ, ಗುಂಡಗೆ ಬರ್ತದೆ. ಇದು ಬಾಚಿಯಲ್ಲಿ ಕೆತ್ತಿದ್ದು. ಇಷ್ಟು ಅಗಲದ್ದು ಒಂದೇ ತುಂಡಲ್ಲಿ ಮಾಡೋಕೆ ಆಲೆಮರ ಎಷ್ಟು ದಪ್ಪ ಬೇಕು? ನಮ್ಮ ಕಡೆ ಅಬ್ಬಬ್ಬಾ ಅಂದ್ರೆ ತೊಡೆ ಗಾತ್ರ ಬರ್ತದೆ. ಡಾಕ್ಟರ್ ಆಗಿದ್ದೀಯ, ಇಷ್ಟು ಗೊತ್ತಾಗಲ್ವಾ ನಿಂಗೆ?"

ಅಬ್ಬಾ ತಮಾಷೆಗೆ ಅಂದದ್ದು. ಅವಳು ಕಾಲ್ ಮುಗಿಸಿ ನೇರ ಇಲ್ಲಿಗೆ ಬಂದಿದ್ದಳು.

ಈಗ ಅವಳು ಟೇಪು ಹಿಡಿದು ಅಳೆದಳು. ಆಸನದ ಅಗಲ ಐವತ್ತಾರು ಸೆಂಟಿಮೀಟರು. ಎಲ್ಲಿಯೂ ಜೋಡಣೆಯಿಲ್ಲ. ಇಂಥ ಆಲೆಮರ ಅವಳ ಊರಿನಲ್ಲಿ ಯಾರೂ ಕಂಡಿಲ್ಲ.

ಟಾರ್ಚನ್ನು ಇನ್ನಷ್ಟು ಒಳಗೆ ತೂರಿಸಿದಳು. ಆಸನವೂ ಕಂಬವೂ ಸೇರುವ ಸಂದಿಯಲ್ಲಿ, ಯಾರ ಬೆರಳೂ ಹೋಗದ ಕಡೆ, ಕಪ್ಪನೆಯ ತೆಳ್ಳನೆಯ ಹೆಪ್ಪು. ಮಸಿ, ಅದರ ಮೇಲೆ ಮೊಟ್ಟೆಯ ಹಳದಿ ಒಣಗಿದಂತಹ ಮಿರುಗು, ಮತ್ತೆ ಮಸಿ. ಪದರದ ಮೇಲೆ ಪದರ.

ತಳದ ಕೆಳಗೆ, ಓರೆಯಾಗಿ ಬೆಳಕು ಬಿಟ್ಟಾಗ, ಕೆಂಪು ಬಣ್ಣದ ನೆರಳು. ಮೂರು ಅಂಕಿ, ಒಂದು ಗೆರೆ, ಮತ್ತೆ ಎರಡು ಅಂಕಿ. ಸಂಗ್ರಹಾಲಯದ ನಂಬರು.

ಅವಳು ಎದ್ದು ಕೂರಲಿಲ್ಲ.

"ಮಂಡಿಗೆ ಇದನ್ನ ಇಟ್ಕೊ. ನೋವು ಅಂತಿದ್ದೆ ಅವತ್ತು," ಎನ್ನುತ್ತಾ ರುಕ್ಮಿಣಿಯವರು ಒಂದು ಪುಟ್ಟ ದಿಂಬು ತಂದರು. ಇನ್ನೊಂದು ಕೈಯಲ್ಲಿ ಕಾಫಿ. ಅವಳಿಗೆಂದು ಸಕ್ಕರೆ ಹಾಕಿರಲಿಲ್ಲ. ಒಂದೇ ಸಲ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು.

ನಾಮಕರಣದ ದಿನ ನೆಲದ ಮೇಲೆ ಕೂರಲಾಗದೆ ಅವಳು ಒದ್ದಾಡುವುದನ್ನು ಕಂಡು ಈ ಪೀಠವನ್ನು ಎಳೆದು ಕೊಟ್ಟವರೂ ಇವರೇ.

"ಆಂಟಿ, ಇದು ಬಂದಾಗ ಯಾವ ಬಣ್ಣ ಇತ್ತು?"

"ಅಯ್ಯೋ, ಅದೇನು ಬಣ್ಣ ಅಂತೀಯ! ಒಲೆ ಮುಂದೆ ನೂರು ವರ್ಷ ಇಟ್ಟಿದ್ದ ಹಾಗಿತ್ತು. ಮಸಿ, ಜಿಡ್ಡು. ಮಗೂನ ಕೂರಿಸೋ ಮಣೆ ಅಲ್ವಾ, ಬಾಣಂತಿಗೆ ಎರೆಯೋಕೆ ಅಂತ ಮೈಸೂರಿಂದ ತಂದಿದ್ದ ಸೀಗೆಪುಡಿ ಹಾಕಿ, ತೆಂಗಿನ ನಾರಲ್ಲಿ ಎರಡು ದಿನ ಉಜ್ಜಿದೆ. ಕೆಳಗೆ ಯಾವುದೋ ಕೆಂಪು ನಂಬರಿತ್ತು. ಅದು ಹೋಗಲೇ ಇಲ್ಲ ನೋಡು, ಸಮೀಕ್ಷಾಳ ನೇಲ್ ಪಾಲಿಶ್ ತೆಗೆಯೋ ನೀರು ಹಾಕಿದೆ." ಅವರು ತಮ್ಮ ಅಂಗೈ ತೋರಿಸಿದರು. "ಬೆರಳೆಲ್ಲ ಸಿಪ್ಪೆ ಎದ್ದುಹೋಯ್ತು."

ಆ ಅಂಗೈಯನ್ನು ನೋಡಲಾಗದೆ ನಾಜ್ನೀನ್ ಕಾಫಿಯ ಲೋಟ ನೋಡಿದಳು.

"ಆ ನೀರು ಏನು ಮಾಡಿದ್ರಿ?"

"ಸೀಗೆ ನೀರು ಯಾರಾದ್ರೂ ಚೆಲ್ತಾರಾ? ಬಾಲ್ಕನಿಲಿ ಕರಿಬೇವಿನ ಕುಂಡ ಇದೆಯಲ್ಲ, ಅದಕ್ಕೆ ಹಾಕಿದೆ. ಯಾಕಮ್ಮ, ನಿನ್ನ ಮುಖ ಯಾಕೆ ಹೀಗಾಯ್ತು?"

ಹೇಳದೆ ಇರುವ ದಾರಿ ಇರಲಿಲ್ಲ. ಅವಳು ಮೆಲ್ಲಗೆ ಹೇಳಿದಳು. ಅಸಾಂಟೆ ಜನರಲ್ಲಿ ಹಿರಿಯರೊಬ್ಬರು ತೀರಿಕೊಂಡಾಗ ಅವರ ಪೀಠಕ್ಕೆ ಮಸಿ, ಮೊಟ್ಟೆ ಬಳಿದು ಕಪ್ಪು ಮಾಡುತ್ತಾರೆ. ಆಮೇಲೆ ಅದು ಆಸನವಲ್ಲ, ಆ ಹಿರಿಯರೇ. ಮನೆತನದವರು ಅದರ ಮುಂದೆ ಎಡೆ ಇಡುತ್ತಾರೆ. ಅದರ ಮೇಲಿನ ಕಪ್ಪೆಲ್ಲ ಹಾಗೆ ತಲೆಮಾರುಗಳಿಂದ ಕೂಡಿದ್ದು. ಅದರ ಮೇಲೆ ಯಾರೂ ಕೂರುವುದಿಲ್ಲ. ಪಟ್ಟಕ್ಕೆ ಬರುವ ಅರಸನನ್ನೂ ಮೂರು ಸಲ ಅದರ ಮೇಲೆ ಇಳಿಸಿ ತಾಕಿಸದೆ ಎತ್ತುತ್ತಾರೆ.

ರುಕ್ಮಿಣಿಯವರು ಸೋಫಾದ ಅಂಚಿಗೆ ಕೂತರು.

"ಅಂದ್ರೆ ಅವರ ಹಿರೀಕರು."

"ಹೌದು."

"ಅವರನ್ನ ನಾನು ನಾರಲ್ಲಿ ಉಜ್ಜಿದೆ."

"ನಿಮಗೆ ಗೊತ್ತಿರಲಿಲ್ಲ ಆಂಟಿ. ಗೊತ್ತಿರಬೇಕಾದವಳು ನಾನು."

ನಾಜ್ನೀನ್ ಎರಡೂ ಕೈಯಿಂದ ಪೀಠವನ್ನು ಹಿಡಿದು ಮೆಲ್ಲಗೆ ಒಂದು ಮಗ್ಗುಲಿಗೆ ಮಲಗಿಸಿದಳು. ಉಗ್ರಾಣದಲ್ಲಿ ಕ್ವಾಬೆನಾ ಹಾಗೆಯೇ ಇಡುತ್ತಿದ್ದರು. ನೆಟ್ಟಗಿಟ್ಟರೆ ದಾರಿಹೋಕ ಆತ್ಮ ಯಾವುದಾದರೂ ಬಂದು ಕೂತುಬಿಡುತ್ತದೆಂದು ಅವರ ನಂಬಿಕೆ. ಕಚೇರಿಯವರು ನಂಬರು ಕಾಣಲಿ ಎಂದು ನೆಟ್ಟಗೆ ಮಾಡುತ್ತಿದ್ದರು. ಮರುದಿನ ಬೆಳಗ್ಗೆ ಅದು ಮತ್ತೆ ಮಲಗಿರುತ್ತಿತ್ತು. ಹತ್ತೊಂಬತ್ತು ವರ್ಷ ಹೀಗೇ ನಡೆದಿತ್ತು.

ರುಕ್ಮಿಣಿಯವರು ಒಳಗೆ ಹೋಗಿ ಮಡಿಕೆ ಬಿಚ್ಚದ ಹೊಸ ಟವೆಲೊಂದನ್ನು ತಂದು ಅದರ ಕೆಳಗೆ ಹಾಸಿದರು.

"ಇದನ್ನ ಕೊಟ್ಟವರು ಯಾರು ಆಂಟಿ?"

"ಹೆಸರು ಕೇಳಲಿಲ್ಲ ನೋಡು, ಎಂಥ ಬುದ್ಧಿ ನಂದು. ಮಣೆ ಬೇಕು ಅಂತ ನಮ್ಮ ಅಳಿಯಂದಿರು ಇಂಡಿಯನ್ ಅಂಗಡೀಲಿ ಒಂದು ಚೀಟಿ ಅಂಟಿಸಿದ್ರು. ಮಾರನೇ ದಿನ ಒಬ್ಬರು ವಯಸ್ಸಾದ ಡಚ್ಚರು ಬಂದ್ರು. ಮುಂದೆ ಪೆಟ್ಟಿಗೆ ಇರೋ ಸೈಕಲಲ್ಲಿ ಇಟ್ಕೊಂಡು. ಮೂರು ಮಹಡಿ ತಾವೇ ಹೊತ್ಕೊಂಡು ಹತ್ತಿದ್ರು ಪಾಪ. ಬಾಗಿಲಲ್ಲೇ ಶೂ ಬಿಟ್ಟು, ಜೋಡಿಸಿಟ್ಟು ಒಳಗೆ ಬಂದ್ರು. ಕಾಫಿ ಲೋಟಾನ ಬಲಗೈಲಿ ತಗೊಂಡ್ರು. ನಮ್ಮವರ ಒಡನಾಟ ಇರೋರ ಹಾಗೆ."

"ಏನು ಹೇಳಿದ್ರು?"

"ಸಮೀಕ್ಷಾ ನನಗೆ ಕನ್ನಡದಲ್ಲಿ ಹೇಳಿದ್ಲು. ಇದು ನಿಮ್ಮ ದೇಶದ ಮರವೇ, ಬಿಳಿ ಬರೋವರೆಗೂ ಚೆನ್ನಾಗಿ ಉಜ್ಜಿ ಅಂದ್ರಂತೆ. ಇದನ್ನ ಗುರುತಿಸೋರು ಈ ದೇಶದಲ್ಲಿ ಒಬ್ಬರೇ, ನಿಮ್ಮ ಕನ್ನಡದವರೇ, ಬೇಕಾದ್ರೆ ಅವರನ್ನ ಕೇಳಿ ಅಂದ್ರಂತೆ." ಅವರ ಮುಖ ಕ್ಷಣ ಅರಳಿತು. "ನಿನ್ನನ್ನೇ ಹೊಗಳಿದ್ದು ಅಂತ ನಮಗೆ ಎಷ್ಟು ಸಂತೋಷ ಆಯ್ತು ಗೊತ್ತಾ?"

ನಾಜ್ನೀನ್ ಕಾಫಿಯ ಲೋಟವನ್ನು ನೆಲದ ಮೇಲಿಟ್ಟಳು.

ಯಾರೋ ಪೀಠವನ್ನು ಇಲ್ಲಿಗೆ ತಂದಿಟ್ಟು, ಅದರ ಕಪ್ಪನ್ನು ಒಬ್ಬ ಮುಗ್ಧ ಅಜ್ಜಿಯ ಕೈಯಿಂದ ತೊಳೆಸಿ, ಕೊನೆಗೆ ನಾಜ್ನೀನ್ ಬಂದು ಆಲೆಮರ ಎನ್ನಲಿ ಎಂದು ಕಾದಿದ್ದರು. ಅವಳು ಬಂದಳು, ಎಂದಳು.

ನಿರ್ದೇಶಕಿಗೆ ಫೋನ್ ಮಾಡಬೇಕಿತ್ತು. ಪೊಲೀಸರಿಗೂ. ಅವಳ ಬೆರಳು ಫೋನಿನ ಮೇಲೆ ಹೋಗಿ ನಿಂತಿತು. ಹಾಗೆ ಮಾಡಿದರೆ ಸುದ್ದಿ ಕ್ವಾಬೆನಾ ಅವರಿಗೆ ಇನ್ನೊಂದು ಈಮೇಲಿನಲ್ಲಿ ತಲುಪುತ್ತದೆ. ಒಂದು ಸಾಲಿನಲ್ಲಿ ಅವರ ಮಾನ ಕಳೆದಾಗಿದೆ. ಇನ್ನೊಂದು ಸಾಲಿನಲ್ಲಿ ಅದನ್ನು ವಾಪಸ್ ಕಳಿಸುವುದೇ?

"ಆಂಟಿ, ಇದನ್ನ ನೋಡಿಕೊಳ್ತಿದ್ದವರು ಲೈಡನ್‌ನಲ್ಲಿದ್ದಾರೆ, ನಾನು ಅವರನ್ನ ಕರ್ಕೊಂಡು ಬರ್ತೀನಿ. ಎರಡು ಗಂಟೆ ಹಿಡಿಯುತ್ತೆ. ಅಲ್ಲೀವರೆಗೆ ಇದನ್ನ ಯಾರಿಗೂ ಕೊಡಬೇಡಿ."

"ಅವರು ಬಂದ್ರೆ ನಾನು ಏನು ಹೇಳ್ಲಿ? ತಪ್ಪಾಯ್ತು ಅಂತ ಡಚ್ಚಲ್ಲಿ ಹೇಗೆ ಹೇಳೋದು, ಹೇಳಿಕೊಡು."

ನಾಜ್ನೀನ್ ಹೇಳಿಕೊಟ್ಟಳು. ರುಕ್ಮಿಣಿಯವರು ಬಾಗಿಲಿನವರೆಗೂ ಆ ಪದವನ್ನು ಬಾಯಿಪಾಠ ಮಾಡುತ್ತಲೇ ಬಂದರು.

ಟ್ರಾಮಿನಿಂದ ಇಳಿದು ಲೈಡನ್ ರೈಲು ಹತ್ತುವಾಗ ಅವಳು ಪ್ರಯಾಣದ ಕಾರ್ಡು ತಾಕಿಸುವುದನ್ನೇ ಮರೆತಿದ್ದಳು. ಟಿಕೆಟ್ ನೋಡುವಾಕೆ ಯಂತ್ರವನ್ನೊಮ್ಮೆ ನೋಡಿ, ಅವಳ ಮುಖವನ್ನೊಮ್ಮೆ ನೋಡಿ, ಮುಂದಿನ ಸಲ ಮರೆಯಬೇಡಿ ಎಂದಷ್ಟೇ ಹೇಳಿ ಮುಂದೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಕ್ವಾಬೆನಾ ಅವರ ಮನೆ ರೈಲು ಹಳಿಯ ಪಕ್ಕದ ಸಾಲುಮನೆಗಳಲ್ಲಿ ಒಂದು. ಬಾಗಿಲು ತೆರೆದವರು ಗರಿಗರಿಯಾಗಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಕೆಲಸಕ್ಕೆ ಬರಬೇಡಿ ಎಂದವರಿಗೂ ಬೆಳಗ್ಗೆ ತಯಾರಾಗುವುದು ನಿಲ್ಲಿಸಲಾಗಿರಲಿಲ್ಲ.

ಅವಳನ್ನು ಕಂಡು ಅವರು ನಗಲಿಲ್ಲ. ಬಾಗಿಲನ್ನು ಹಾಕಲೂ ಇಲ್ಲ.

"ಬನ್ನಿ."

ಅಡುಗೆಮನೆಯಲ್ಲಿ ಕುರ್ಚಿ ಎಳೆದು ಕೊಟ್ಟರು. ಗೋಡೆಯ ಪಕ್ಕ ಮನೆಬಳಕೆಯ ಒಂದು ಪುಟ್ಟ ಪೀಠ ಮಗ್ಗುಲಾಗಿ ಮಲಗಿತ್ತು. ಅವರು ಒಂದು ಲೋಟ ನೀರು ತಂದು ಮುಂದಿಟ್ಟು, ಎದುರು ಕೂತು, ಅವಳು ಕುಡಿಯುವವರೆಗೂ ಕಾದರು. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಬಂದ ಕಾರಣ. ಅದು ಅವರ ಪದ್ಧತಿ. ಬಂದವಳು ಎಂಥವಳಾದರೂ ಸರಿ.

"ಈಗ ಹೇಳಿ. ಯಾಕೆ ಬಂದಿರಿ?"

"ನೀವು ಹೇಳಿದ್ದು ನಿಜ. ಫೋಟೋದಲ್ಲಿರುವುದು ನಿಮ್ಮ ಪೀಠವೇ. ನಾನು ಹೇಳಿದ್ದು ತಪ್ಪು."

ಹೊರಗೆ ಒಂದು ರೈಲು ಹೋಯಿತು.

"ಅವತ್ತು ನೀವು ಅದರ ಮರ ಕತ್ತರಿಸಿ ನೋಡಿದ್ದಿರಾ?"

"ಇಲ್ಲ."

"ತಿರುಗಿಸಿ ಕೆಳಗೆ ನೋಡಿದ್ದಿರಾ?"

"ಇಲ್ಲ."

"ನನ್ನನ್ನು ಕೇಳಬಹುದಿತ್ತು. ನನ್ನ ನಂಬರು ನಿಮ್ಮ ಹತ್ತಿರ ಇದೆ. ಪ್ರತಿ ಈದ್‌ಗೂ ನಾನು ನಿಮಗೆ ಮೆಸೇಜು ಕಳಿಸುತ್ತೇನೆ."

"ಹೌದು."

"ನಿಮ್ಮದು ಒಂದು ಸಾಲು. ನನ್ನದು ಹತ್ತೊಂಬತ್ತು ವರ್ಷ. ಇಟ್ಟು ತೂಗಿದರು, ನಿಮ್ಮ ಸಾಲೇ ಭಾರ ಬಂತು." ಅವರ ದನಿ ಏರಲಿಲ್ಲ. "ಕೊನೆಗೊಮ್ಮೆ ಒಳಗೆ ಹೋಗಿ ಆ ಖಾಲಿ ಕಪಾಟನ್ನಾದರೂ ನೋಡಿ ಬರುತ್ತೇನೆ ಅಂದೆ. ಆಮ್ಸ್ಟೆಲ್‌ವೀನ್‌ನಲ್ಲಿದೆ ಅಂದಿರಲ್ಲ, ಅಲ್ಲೇ ಹೋಗಿ ನೋಡಿ ಅಂದರು. ಸುತ್ತ ನಿಂತವರು ನಕ್ಕರು."

ನಾಜ್ನೀನ್ ಕ್ಷಮಿಸಿ ಎನ್ನಲು ಬಾಯಿ ತೆರೆದಳು. ರುಕ್ಮಿಣಿಯವರಿಗೆ ಅಷ್ಟು ಸುಲಭವಾಗಿ ಹೇಳಿಕೊಟ್ಟ ಪದ ಅವಳಿಗೇ ಬರಲಿಲ್ಲ.

"ಕಪ್ಪು ಪೂರ್ತಿ ಹೋಗಿದೆ, ಮಗುವಿನ ಅಜ್ಜಿ ತಿಳಿಯದೆ ತೊಳೆದಿದ್ದಾರೆ. ನಿಮಗೆ ಹೇಗೆ ಗುರುತು ಸಿಕ್ಕಿತು?" ಎಂದಳು.

"ದಿನಾ ಮಲಗಿಸಿದವನಿಗೆ ಅದರ ಬೆನ್ನು ಗೊತ್ತಿರುತ್ತದೆ." ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಅದರ ಮೇಲೆ ಯಾರು ಯಾರು ಕೂತರು?"

"ಮಗುವನ್ನೆತ್ತಿಕೊಂಡು ನನ್ನ ಗೆಳತಿ. ಆಮೇಲೆ ನಾನು. ಮಂಡಿ ನೋವಿತ್ತು. ಅನ್ನ, ಸಾರು, ಪಾಯಸ ಎಲ್ಲ ಅದರ ಮೇಲೆ ಕೂತೇ ತಿಂದೆ."

ಅವರು ಕಣ್ಣು ಮುಚ್ಚಿದರು.

"ಮಗುವಿನ ಹೆಸರೇನು?"

"ನಿಸರ್ಗ."

"ಮಗುವಿನ ಮೇಲೆ ಏನೂ ಬರುವುದಿಲ್ಲ. ಆ ಅಜ್ಜಿಗೆ ಹಾಗೆಂದು ಹೇಳಿ, ಹೆದರಿಕೊಂಡಾರು." ಆಮೇಲೆ ಕೇಳಿದರು: "ತೊಳೆದ ನೀರು ಚರಂಡಿಗೆ ಹೋಯಿತೇ?"

"ಇಲ್ಲ. ಅಜ್ಜಿ ಅದನ್ನು ಗಿಡಕ್ಕೆ ಹಾಕಿದ್ದಾರೆ. ಬಾಲ್ಕನಿಯಲ್ಲಿ ಕುಂಡವಿದೆ."

ಕ್ವಾಬೆನಾ ಕಣ್ಣು ತೆರೆದರು. ಅವಳು ಬಂದ ಮೇಲೆ ಮೊದಲ ಸಲ ಆ ಮುಖದಲ್ಲಿ ಏನೋ ಸಡಿಲವಾಯಿತು.

"ಮಣ್ಣಿನಲ್ಲಿದೆ," ಎಂದರು. "ಎಲ್ಲವೂ ಅಲ್ಲದಿದ್ದರೂ, ಮಣ್ಣಿನಲ್ಲಿದೆ. ಅದಕ್ಕೇನು ಮಾಡಬೇಕೋ ಹಿರಿಯರು ಹೇಳುತ್ತಾರೆ. ಹೇಳಲು ಏನಾದರೂ ಉಳಿಯಿತಲ್ಲ."

ಅವರು ಎದ್ದು ಚಹಾಕ್ಕೆ ನೀರಿಟ್ಟರು. ಅದು ಕ್ಷಮೆ ಅಲ್ಲವೆಂದು ನಾಜ್ನೀನಳಿಗೆ ಗೊತ್ತಿತ್ತು. ಆದರೂ ಎರಡು ಲೋಟ ತೆಗೆದದ್ದನ್ನು ಅವಳು ಗಮನಿಸಿದಳು.

"ಕೊಟ್ಟವರು ಯಾರಂತೆ?"

"ವಯಸ್ಸಾದ ಡಚ್ಚರೊಬ್ಬರು. ಹೆಸರು ಹೇಳಿಲ್ಲ. ಆದರೆ ನಾನು ಅದನ್ನು ಆಲೆಮರ ಎಂದೇ ಹೇಳುತ್ತೇನೆಂದು ಅವರಿಗೆ ಮೊದಲೇ ಗೊತ್ತಿತ್ತು."

"ಅದು ಹೇಗೆ ಗೊತ್ತಾಗುತ್ತದೆ? ನೀವು ಮರ ತಪ್ಪುವವರಲ್ಲ. ಇಡೀ ಊರು ಹಾಗೆ ಹೇಳುತ್ತದೆ."

"ಒಂದು ಸಲ ತಪ್ಪಿದ್ದೇನೆ," ಎಂದಳು ನಾಜ್ನೀನ್. "ಇದೇ ತಪ್ಪು."

ಯಾರಿಗೂ ಹೇಳದ ಮಾತು ಅದು. ಗಂಡ ಶೌಕತ್‌ಗೂ ಹೇಳಿರಲಿಲ್ಲ.

"ಇಲ್ಲಿಗೆ ಬಂದ ಮೊದಲ ವರ್ಷ. ಪಾಠದಲ್ಲಿ ಎರಡು ಬಿಳಿ ಮರದ ತುಂಡು ಕೊಟ್ಟು, ಹೆಸರು ಬೋರ್ಡಿನ ಮೇಲೆ ಬರೆಯಿರಿ ಅಂದರು. ಒಂದು ನಮ್ಮೂರಿನ ಆಲೆ. ಇನ್ನೊಂದು ನಿಮ್ಮ ಕಡೆಯ ಮರ, ಪೀಠ ಕೆತ್ತುವುದು. ಎರಡೂ ಒಂದೇ ಕುಲದವು, ದಾಯಾದಿಗಳಿದ್ದ ಹಾಗೆ. ಎರಡಕ್ಕೂ ನಾನು ಆಲೆ ಅಂತಲೇ ಬರೆದೆ. ನಮ್ಮೂರಿನದು ನನಗೆ ಗೊತ್ತಿಲ್ಲವೇ ಎಂಬ ಸೊಕ್ಕು. ಬೇರೆ ಹುಡುಗರು ಇನ್ನೂ ಒಳಗೆ ಬಂದಿರಲಿಲ್ಲ. ಮೇಷ್ಟ್ರು ಬೋರ್ಡು ನೋಡಿದವರು ಮಾತಾಡದೆ ತಮ್ಮ ಕೈಯಿಂದಲೇ ಅದನ್ನು ಒರೆಸಿದರು. ಆಮೇಲೆ ತಮ್ಮ ಡಬ್ಬಿಯ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟರು. ಇದು ನಮ್ಮಿಬ್ಬರ ನಡುವೆ ಇರಲಿ ಅಂದರು."

"ಒಳ್ಳೆಯ ಮೇಷ್ಟ್ರು."

"ಹನ್ನೊಂದು ವರ್ಷದಿಂದ ನಾನೂ ಹಾಗೆಯೇ ಅಂದುಕೊಂಡಿದ್ದೇನೆ." ಹೇಳುತ್ತಿರುವಾಗಲೇ ಅವಳಿಗೆ ಎಲ್ಲ ಕಾಣತೊಡಗಿತ್ತು. ಅವಳ ಮನೆಗೆ ಎಷ್ಟೋ ಸಲ ಊಟಕ್ಕೆ ಬಂದು, ಬಾಗಿಲಲ್ಲಿ ಶೂ ಬಿಟ್ಟು ಜೋಡಿಸಿಡುತ್ತಿದ್ದವರು. ಬಲಗೈಯಲ್ಲಿ ತಟ್ಟೆ ಹಿಡಿಯಲು ಅವಳಿಂದಲೇ ಕಲಿತವರು. "ಡೆಕ್ಕರ್ ಮೇಷ್ಟ್ರು. ನಿಮ್ಮ ಸಂಗ್ರಹಾಲಯಕ್ಕೆ ಮಾರ್ಚಿನವರೆಗೆ ಸಲಹೆಗಾರರಾಗಿದ್ದರಲ್ಲ, ಅವರೇ."

ಕ್ವಾಬೆನಾ ಅವಳ ಕಡೆ ತಿರುಗಲಿಲ್ಲ. ಕುದಿಯುತ್ತಿದ್ದ ನೀರಿನ ಕೆಳಗೆ ಒಲೆ ಆರಿಸಿದರು. ಲೋಟಗಳಿಗೆ ಸುರಿಯಲಿಲ್ಲ.

ಅವಳ ಫೋನ್ ಹೊಡೆದುಕೊಂಡಿತು. ರುಕ್ಮಿಣಿಯವರು.

"ನಾಜ್ನೀನ್, ಒಂದು ಕೆಲಸ ಮಾಡಿಬಿಟ್ಟೆ ಕಣಮ್ಮ. ಬೈಬೇಡ." ದನಿ ತಗ್ಗಿತ್ತು. "ನೀನು ಹೋದ ಮೇಲೆ ನನಗೆ ಮನಸ್ಸು ತಡೀಲಿಲ್ಲ. ಫ್ರಿಜ್ ಮೇಲೆ ಅವರ ನಂಬರಿನ ಚೀಟಿ ಸಿಕ್ತು, ಬೇಡ ಅಂದ್ರೆ ಫೋನ್ ಮಾಡಿ ಅಂತ ಕೊಟ್ಟಿದ್ರು. ಪಾಪ, ಅವರಿಗೂ ಗೊತ್ತಿಲ್ಲದೆ ಕೊಟ್ಟಿರ್ತಾರೆ, ಅವರಿಗೂ ಪಾಪ ಸುತ್ತಿಕೊಳ್ಳೋದು ಬೇಡ ಅಂತ ಫೋನ್ ಮಾಡಿದೆ. ಸಮೀಕ್ಷಾ ಮುನ್ಸಿಪಾಲಿಟಿ ಆಫೀಸಿಂದ ಇನ್ನೂ ಬಂದಿಲ್ಲ. ನನಗೆ ಬರೋ ಅರ್ಧಂಬರ್ಧ ಇಂಗ್ಲಿಷಲ್ಲೇ ಹೇಳಿದೆ. ಇಲ್ಲೇ ಹತ್ತಿರ ಇರ್ತಾರಂತೆ, ಕಾಲು ಗಂಟೇಲಿ ಬಂದೇಬಿಟ್ರು. ನನಗೆ ಕೊಟ್ಟುಬಿಡಿ ಅಂತಿದ್ದಾರೆ. ನೀನು ಕೊಡಬೇಡ ಅಂದಿದ್ದೀಯ. ಏನು ಮಾಡ್ಲಿ?"

ನಾಜ್ನೀನ್ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

"ಅವರಿಗೆ ಫೋನ್ ಕೊಡಿ ಆಂಟಿ."

ಒಂದು ಕೆಮ್ಮು. ಆಮೇಲೆ ಮೆತ್ತನೆಯ ಡಚ್ಚಿನಲ್ಲಿ ಹನ್ನೊಂದು ವರ್ಷದ ಹಿಂದೆ ಅವಳಿಗೆ ಪಾಠ ಹೇಳಿದ ದನಿ.

"ನಾಜ್ನೀನ್. ಅಂತೂ ನೀನು ತಿಳಿದುಕೊಂಡೆ. ನನ್ನ ವಿದ್ಯಾರ್ಥಿನಿ ಅಲ್ಲವೇ."

"ಯಾಕೆ ಸರ್?"

"ಅದನ್ನು ಇನ್ನೊಮ್ಮೆ ಮಾತಾಡೋಣ. ಈಗ ನಿನ್ನದು ಯೋಚಿಸು. ನಾಳೆ ಹಿರಿಯರ ಮುಂದೆ ನಿಂತು, ನಾನು ನೋಡದೆ ಬರೆದೆ ಎಂದು ಹೇಳುತ್ತೀಯಾ? ನೀನು ಇದುವರೆಗೆ ಸಹಿ ಮಾಡಿದ ಒಂದೊಂದು ವರದಿಯನ್ನೂ ಮತ್ತೆ ಬಿಚ್ಚುತ್ತಾರೆ. ಅದು ಬೇಡ. ಪೀಠ ನನ್ನ ಜೊತೆ ಬರಲಿ. ಸಂಜೆಯೊಳಗೆ ಉಗ್ರಾಣದ ಯಾವುದೋ ಕಪಾಟಿನ ಹಿಂದೆ ಸಿಗುತ್ತದೆ. ನಿನ್ನ ಸಾಲಿನ ಬಗ್ಗೆ ಯಾರೂ ಕೇಳುವುದಿಲ್ಲ."

"ಅದು ಬಿಳಿಯಾಗಿದೆ ಸರ್. ತೊಳೆದವರು ಯಾರು ಅಂತ ಕೇಳುತ್ತಾರೆ."

"ಉಗ್ರಾಣದಲ್ಲಿ ಕೆಲಸದವನೊಬ್ಬ ಇದ್ದನಲ್ಲ. ಧೂಳು ಒರೆಸುವವನು ಅತಿಯಾಗಿ ಒರೆಸಿದ ಅಂದರಾಯಿತು. ಅಂಥ ತಪ್ಪಿಗೆ ಇಲ್ಲಿ ದೊಡ್ಡ ಶಿಕ್ಷೆಯೇನಿಲ್ಲ." ಅವರು ನಿಂತು, ಇನ್ನೂ ಮೆತ್ತಗೆ ಹೇಳಿದರು. "ಬೋರ್ಡನ್ನು ನಾನು ಒರೆಸುತ್ತೇನೆ, ನಾಜ್ನೀನ್. ನೀನು ಏನೂ ಮಾಡಬೇಕಾಗಿಲ್ಲ. ಸುಮ್ಮನಿದ್ದರೆ ಸಾಕು."

ಒಂದು ಕ್ಷಣ ಅವಳು ನಿಜವಾಗಿಯೂ ಸುಮ್ಮನಿದ್ದಳು. ಆ ಕ್ಷಣಕ್ಕಾಗಿ ಅವಳು ಆಮೇಲೆ ಎಷ್ಟೋ ದಿನ ನಾಚಿದಳು.

"ಸರ್," ಎಂದಳು. "ನಾನು ಕ್ವಾಬೆನಾ ಅಸಾರೆಯವರ ಮನೆಯಲ್ಲಿ ಕೂತಿದ್ದೇನೆ. ಅವರೂ ಕೇಳಿಸಿಕೊಳ್ಳುತ್ತಿದ್ದಾರೆ. ನಿರ್ದೇಶಕಿಗೆ ಈಗಲೇ ಹೇಳುತ್ತೇನೆ. ನನ್ನ ಸಾಲನ್ನೂ ನಾನೇ ಹೇಳುತ್ತೇನೆ."

ಆ ಕಡೆ ಮಗು ಎದ್ದು ಸಣ್ಣಗೆ ಅತ್ತಿತು. ರುಕ್ಮಿಣಿಯವರು "ಬಂದೆ ಬಂದೆ ಪುಟ್ಟಾ" ಎನ್ನುತ್ತಾ ದೂರ ಹೋದರು.

"ಹಾಗೋ," ಎಂದರು ಡೆಕ್ಕರ್. "ಹಾಗಾದರೆ ಒಂದು ವಿಷಯ ಕೇಳಿಕೋ. ಮಾರ್ಚಿನಿಂದ ನನ್ನ ಕಾರ್ಡಿಗೆ ಆ ಬಾಗಿಲು ತೆರೆಯುವುದಿಲ್ಲ. ಪೀಠವನ್ನು ನಾನು ಹೊರಗೆ ತಂದಿಲ್ಲ. ಹಗಲು ಹೊತ್ತಿನಲ್ಲಿ, ಹಿಂದಿನ ಬಾಗಿಲಿನಲ್ಲಿ, ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ಸೈಕಲಿನ ಪೆಟ್ಟಿಗೆಯಲ್ಲಿ ಮಲಗಿಸಿದವನು ನಿನ್ನ ಎದುರಿಗೇ ಇದ್ದಾನೆ. ನೀನು ಕ್ಷಮೆ ಕೇಳಲು ಹೋದೆಯಲ್ಲ, ಅವನೇ."

ಫೋನು ಕಟ್ಟಾಯಿತು.

ನಾಜ್ನೀನ್ ಕತ್ತೆತ್ತಿದಳು. ಕ್ವಾಬೆನಾ ಒಲೆಯ ಪಕ್ಕ ಬೆನ್ನು ಮಾಡಿ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿಯ ಹಿಂದೆ ಭುಜಗಳು ಕುಗ್ಗಿದ್ದವು.

ಈ ಮನುಷ್ಯನ ಮೇಲೆ ಇನ್ನೊಬ್ಬರು ಆಡಿದ ಒಂದು ಮಾತು. ಈ ಸಲವೂ ಎದುರಿನವರನ್ನು ಕೇಳದೆ ನಂಬುವುದು ಸುಲಭವಿತ್ತು. ಕೇಳದೆ ತಳ್ಳಿಹಾಕುವುದು ಅದಕ್ಕಿಂತ ಸುಲಭವಿತ್ತು.

"ಅಸಾರೆಯವರೇ," ಎಂದಳು. "ಈ ಸಲ ನಿಮ್ಮನ್ನೇ ಕೇಳುತ್ತಿದ್ದೇನೆ. ಪೀಠವನ್ನು ಅವರಿಗೆ ಕೊಟ್ಟದ್ದು ನೀವೇನಾ?"

ಅವರು ತಿರುಗಿದರು. ಬೆಳಗಿನಿಂದ ಅವಳು ಹೊತ್ತು ತಂದಿದ್ದ ನಾಚಿಕೆ ಈಗ ಆ ಮುಖದಲ್ಲಿತ್ತು.

"ಹೌದು," ಎಂದರು ಕ್ವಾಬೆನಾ. "ಹಿರಿಯರು ಬರುವವರೆಗೆ ನೆಟ್ಟಗೆ ನಿಲ್ಲಿಸದೆ ತಮ್ಮ ಮನೆಯಲ್ಲಿ ಮಲಗಿಸಿಡುತ್ತೇನೆ ಎಂದರು ಡೆಕ್ಕರ್, ನಂಬಿ ಕೊಟ್ಟೆ."